ಪದಕ ಬೇಕು, ಬಾಡು ಬೇಡ ಅಂದ್ರೆ ಹೆಂಗೆ ಸ್ವಾಮಿ?



ಬರಹ ಸ್ವಲ್ಪ ಉದ್ದ ಇದೆ. ಜಗಳ ಆಡೋರು ಪೂರ್ತಿ ಓದಿ ಆಮೇಲೆ ಆಡಿ.

2036ರ ಒಲಿಂಪಿಕ್ಸ್ ನಮ್ಮ ದೇಶದಲ್ಲೇ ಆಗಬೇಕು ಅಂತ ಸರ್ಕಾರ ಅರ್ಜಿ ಹಾಕಿ ಕೂತಿದೆ. ಆಗಲಿ, ಸಂತೋಷ. 2024ರಲ್ಲಿ ಪ್ಯಾರಿಸ್‌ಗೆ ಹೋಗಿ 140 ಕೋಟಿ ಜನರ ದೇಶ ತಂದಿದ್ದು 6 ಪದಕ. ಅದರಲ್ಲಿ ಚಿನ್ನ ಒಂದೂ ಇಲ್ಲ. ಯಾಕೆ ಹಿಂಗಾಯ್ತು ಅಂತ ಟಿವಿಯವರು ವಾರಗಟ್ಟಲೆ ಬಾಯಿ ಬಡ್ಕೊಂಡ್ರು. ಸ್ಟೇಡಿಯಂ ಸಾಲದು ಅಂದ್ರು, ವಿದೇಶಿ ಕೋಚ್ ಬೇಕು ಅಂದ್ರು, ನಮ್ಮಲ್ಲಿ ಕ್ರೀಡಾ ಸಂಸ್ಕೃತಿ ಇಲ್ಲ ಅಂದ್ರು. ತಾಲೂಕು ಮಟ್ಟದಲ್ಲಿ ಓಡೋ ಹುಡುಗಿ ಬೆಳಿಗ್ಗೆ ಏನು ತಿಂದು ಬಂದಿದ್ಲು ಅಂತ ಒಬ್ಬನೂ ಕೇಳಲಿಲ್ಲ.

ಅದನ್ನ ಕೇಳಿದ್ರೆ ಮಾತು ಜಾತಿಗೆ ಬರುತ್ತೆ. ಅದಕ್ಕೇ ಕೇಳಲ್ಲ.

ಅದೇ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದ ಫೈನಲ್ ದಿನ 100 ಗ್ರಾಂ ತೂಕ ಹೆಚ್ಚಿದ್ಲು ಅಂತ ಹೊರಗೆ ಬಿದ್ಲು. ಇಡೀ ದೇಶ ಅತ್ತಿತು, ನಾನೂ ಸಂಕಟಪಟ್ಟೆ. ಆದರೆ ನಮ್ಮ ಕೇರಿಯಿಂದ ಕಬಡ್ಡಿ ಆಡೋಕೆ ಬರೋ ಹುಡುಗಿ ಇರಬೇಕಾದ ತೂಕಕ್ಕಿಂತ 8-10 ಕೆಜಿ ಕಮ್ಮಿ ಇರ್ತಾಳಲ್ಲ, ಅವಳಿಗಾಗಿ ಯಾರು ಅಳ್ತಾರೆ?

ಮೊದಲು ಲೆಕ್ಕ ಮಾತಾಡೋಣ. ಭಾವನೆ ಆಮೇಲೆ.

ನಮ್ಮ ದೇಶದ್ದೇ ಸಂಸ್ಥೆ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿ ಇದೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 2400 ಕ್ಯಾಲರಿ, 43 ಗ್ರಾಂ ಪ್ರೋಟೀನ್, 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 16ರಿಂದ 18ರ ಹುಡುಗನಿಗೆ 3320 ಕ್ಯಾಲರಿ, 55 ಗ್ರಾಂ ಪ್ರೋಟೀನ್. ಗಮನಿಸಿ, ಇದು ಶಾಲೆಗೆ ಹೋಗಿ ಮನೆಗೆ ಬರೋ ಸಾಮಾನ್ಯ ಮಕ್ಕಳ ಲೆಕ್ಕ. ದಿನಾ ಎರಡು ಮೂರು ತಾಸು ಬೆವರು ಸುರಿಸೋ ಮಕ್ಕಳದ್ದಲ್ಲ. ಕ್ರೀಡಾಪಟುಗಳಿಗೆ ಜಗತ್ತಿನಲ್ಲಿ ಒಪ್ಪಿರೋ ಲೆಕ್ಕ ಅಂದ್ರೆ ದೇಹದ ತೂಕದ ಪ್ರತಿ ಕೆಜಿಗೆ 1.2ರಿಂದ 2 ಗ್ರಾಂ ಪ್ರೋಟೀನ್. 45 ಕೆಜಿ ತೂಕದ ಹುಡುಗಿಗೆ 54ರಿಂದ 90 ಗ್ರಾಂ ಆಯ್ತು.

ಈಗ ಅವಳ ತಟ್ಟೆ ನೋಡಿ. ಬೆಳಿಗ್ಗೆ ಟೀ, ಒಂದು ಬನ್ನು. ಶಾಲೆಯಲ್ಲಿ ಕ್ಷೀರಭಾಗ್ಯದ 150 ಮಿಲಿ ಹಾಲು. ಮಧ್ಯಾಹ್ನ ಬಿಸಿಯೂಟ, 6ನೇ ತರಗತಿ ಮೇಲಿನವರಿಗೆ ಕಾಗದದ ಮೇಲೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್. ಅದರ ಜೊತೆ ಒಂದು ಮೊಟ್ಟೆ, 6 ಗ್ರಾಂ. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಎಲ್ಲವೂ ಕಾಗದದಲ್ಲಿ ಬರೆದ ಹಾಗೇ ನಡೆದು, ಬೇಳೆಗೆ ನೀರು ಬೀಳದೆ, ಹಾಲಿನ ಪುಡಿ ಪೂರ್ತಿ ಲೋಟಕ್ಕೇ ಬಿದ್ರೆ 45-50 ಗ್ರಾಂ ಆಗುತ್ತೆ. ಅಂದ್ರೆ ಸುಮ್ಮನೆ ಕೂತಿದ್ರೆ ಸಾಕು. ಓಡೋಕೆ ಸಾಲಲ್ಲ.

ಇದೂ ಶಾಲೆ ನಡೆಯೋ ದಿನದ ಮಾತು. ಭಾನುವಾರ? ದಸರಾ ರಜೆ? ಬೇಸಿಗೆ ರಜೆ? ಕ್ರೀಡಾ ಶಿಬಿರ ನಡೆಯೋದೇ ರಜೆಯಲ್ಲಿ ಕಣ್ರೀ! ದೇಹಕ್ಕೆ ಅತಿ ಹೆಚ್ಚು ಕೆಲಸ ಕೊಡೋ ದಿನಗಳಲ್ಲೇ ಶಾಲೆ ಒಲೆ ಆರಿರುತ್ತೆ.

ಇನ್ನೊಂದು ವಿಚಿತ್ರ. ನಮ್ಮ ರಾಜ್ಯದಲ್ಲಿ ಬಿಸಿಯೂಟ 10ನೇ ತರಗತಿಗೆ ನಿಲ್ಲುತ್ತೆ. ಪಿಯುಸಿಗೆ ಇಲ್ಲ. ಹುಡುಗನಿಗೆ 3320 ಕ್ಯಾಲರಿ ಬೇಕು ಅಂತ ಸರ್ಕಾರದ್ದೇ ಸಂಸ್ಥೆ ಹೇಳೋದು ಯಾವ ವಯಸ್ಸಿಗೆ? 16ರಿಂದ 18ಕ್ಕೆ. ತಟ್ಟೆ ಕಿತ್ಕೊಳ್ಳೋದು ಯಾವ ವಯಸ್ಸಿಗೆ? ಅದೇ 16ಕ್ಕೆ. ಹೈಸ್ಕೂಲಿನಲ್ಲಿ ಜಿಲ್ಲೆಗೆ ಫಸ್ಟ್ ಬಂದ ನಮ್ಮ ಹುಡುಗ ಪಿಯುಸಿಗೆ ಬಂದಾಗ ಎಲ್ಲಿ ಹೋದ ಅಂತ ಪಿಟಿ ಮೇಷ್ಟ್ರು ಹುಡುಕ್ತಾರೆ. ಗಾರೆ ಕೆಲಸಕ್ಕೆ ಹೋದ ಸಾರ್. ಅಲ್ಲಿ ಮಧ್ಯಾಹ್ನ ಊಟ ಕೊಡ್ತಾರೆ.

ತಾಲೂಕು ಕ್ರೀಡಾಕೂಟ ನೋಡಿದೀರಲ್ಲ? ಬೆಳಿಗ್ಗೆ 6ಕ್ಕೆ ಟೆಂಪೋ. ಮಕ್ಕಳು ಖಾಲಿ ಹೊಟ್ಟೆ. ಎಂಎಲ್ಎ ಬರೋದು 11ಕ್ಕೆ, ಬಲೂನು ಬಿಡೋದು 12ಕ್ಕೆ. 800 ಮೀಟರ್ ಓಟ ಮಧ್ಯಾಹ್ನ 2ಕ್ಕೆ. ಅಷ್ಟರಲ್ಲಿ ಮಕ್ಕಳ ಕೈಗೆ ಒಂದು ಪೊಟ್ಟಣ ಚಿತ್ರಾನ್ನ. ವೇದಿಕೆ ಮೇಲಿನವರಿಗೆ ಗೋಡಂಬಿ, ದ್ರಾಕ್ಷಿ. ಗೆದ್ದ ಹುಡುಗಿಗೆ ಸ್ಟೀಲ್ ಲೋಟ, ಒಂದು ಸರ್ಟಿಫಿಕೇಟು. ಶಾಲೆಯಲ್ಲಿದ್ದಿದ್ರೆ ಅವತ್ತು ಅವಳಿಗೆ ಒಂದು ಮೊಟ್ಟೆಯಾದ್ರೂ ಸಿಗ್ತಿತ್ತು. ಆಟಕ್ಕೆ ಬಂದಿದ್ದಕ್ಕೆ ಅದೂ ತಪ್ಪಿತು.

ಇಲ್ಲಿಗೆ ಇದು ಬಡತನದ ಕತೆ ಅನ್ಕೋಬೇಡಿ. ಬಡತನದ್ದಷ್ಟೇ ಆಗಿದ್ರೆ ದುಡ್ಡು ಕೊಟ್ಟು ಮುಗಿಸಬಹುದಿತ್ತು. ನಮ್ಮ ಮಕ್ಕಳಿಗೆ ಯಾವುದು ಅಗ್ಗವಾಗಿ ಸಿಗುತ್ತೋ, ಯಾವುದು ಶಕ್ತಿ ಕೊಡುತ್ತೋ, ಅದನ್ನೇ ಹುಡುಕಿ ಹುಡುಕಿ ತಟ್ಟೆಯಿಂದ ತೆಗೆದಿದ್ದಾರೆ. ಅದು ಜಾತಿ ಮಾಡಿದ ಕೆಲಸ.

2021ರ ಡಿಸೆಂಬರ್ ನೆನಪಿದೆಯಾ? ಯಾದಗಿರಿ, ರಾಯಚೂರು, ಕೊಪ್ಪಳ, ಕಲಬುರಗಿ ಕಡೆ ಬಿಸಿಯೂಟಕ್ಕೆ ಮೊಟ್ಟೆ ಕೊಡ್ತೀವಿ ಅಂದಾಗ ಕೆಲವು ಮಠಾಧೀಶರು ಬೀದಿಗಿಳಿದ್ರು. ಅವತ್ತು ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ನಿಲ್ಲಿಸಿದ್ರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಎದೆ ಕೊಟ್ಟು ಮಾತಾಡಿದ್ಲು. ನಾವು ಬರೆದ ಸಾವಿರ ಕರಪತ್ರಕ್ಕಿಂತ ಆ ಮಗುವಿನ ಮಾತು ದೊಡ್ಡದು. 2022ರಲ್ಲಿ ಹೊಸ ಶಿಕ್ಷಣ ನೀತಿಗೆ ಅಂತ ನಮ್ಮ ರಾಜ್ಯದ ಒಂದು ಸಮಿತಿ ಬರೆದ ಟಿಪ್ಪಣಿಯಲ್ಲಿ ಮೊಟ್ಟೆ, ಮಾಂಸ ತಿಂದ್ರೆ ಮಕ್ಕಳ ಹಾರ್ಮೋನು ಏರುಪೇರಾಗುತ್ತೆ ಅಂತ ಇತ್ತು. ಹಂಗಾದ್ರೆ ಒಲಿಂಪಿಕ್ಸ್‌ನಲ್ಲಿ ಪದಕ ಬಾಚೋ ದೇಶಗಳ ಮಕ್ಕಳೆಲ್ಲ ಹಾರ್ಮೋನ್ ಕೆಟ್ಟವರಾ ಸ್ವಾಮಿ?

ಆಮೇಲೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡಿನಿಂದ ವಾರಕ್ಕೆ 6 ದಿನ ಆಯ್ತು. ಸ್ವಾಗತ. ಆದರೆ ಒಂದು ಮಾತು ಕೇಳ್ತೀನಿ: ಮಕ್ಕಳ ಮೊಟ್ಟೆಗೆ ಸರ್ಕಾರದ ಬೊಕ್ಕಸದಲ್ಲಿ ದುಡ್ಡಿಲ್ಲದೆ ಖಾಸಗಿಯವರು ಕೊಡಬೇಕಾ? ಹಕ್ಕು ದಾನ ಆದ್ರೆ ದಾನಿ ಕೈ ಎತ್ತಿದ ದಿನ ಏನ್ ಮಾಡೋದು? 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ದೇವಸ್ಥಾನದ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸ್ತಾರೆ ಅಂತ ಹತ್ತಾರು ಮಕ್ಕಳ ಟಿಸಿ ತಗೊಂಡು ಹೋದ್ರು. ಅದೇ ಮಂಡ್ಯದಲ್ಲಿ 2024ರ ಸಾಹಿತ್ಯ ಸಮ್ಮೇಳನದ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನಿಷೇಧ ಅಂದ್ರು. ನಮ್ಮ ಅವ್ವ ಮಾಡೋ ಸಾರು ಹೆಂಡ, ಬೀಡಿ ಸಾಲಿಗೆ ಸೇರಿತು. ಈ ಮನಸ್ಸಿನವರೇ ಹಾಸ್ಟೆಲಿನ ಮೆನು ಬರೆಯೋದು, ಈ ಮನಸ್ಸಿನವರೇ ಮಕ್ಕಳನ್ನ ಸೆಲೆಕ್ಟ್ ಮಾಡೋದು.

ಇನ್ನು ದನದ ಮಾಂಸ. ಹೇಳೋಕೆ ನಮ್ಮವರೇ ಹಿಂಜರಿತಾರೆ, ನಾನು ಹೇಳ್ತೀನಿ. ಮಟನ್ ಬೆಲೆಯಲ್ಲಿ ಅರ್ಧಕ್ಕೂ ಕಮ್ಮಿಗೆ ಸಿಕ್ತಿದ್ದ ಮಾಂಸ ಅದು. 100 ಗ್ರಾಂನಲ್ಲಿ 20 ಗ್ರಾಂ ಮೇಲೆ ಪ್ರೋಟೀನ್. ಅದರಲ್ಲಿರೋ ಕಬ್ಬಿಣಾಂಶವನ್ನ ದೇಹ ಸೊಪ್ಪಿನ ಕಬ್ಬಿಣಾಂಶಕ್ಕಿಂತ ಎಷ್ಟೋ ಸುಲಭವಾಗಿ ಹೀರ್ಕೊಳ್ಳುತ್ತೆ. ಸೊಪ್ಪು, ಕಾಳಿನಲ್ಲಿ ಸಿಗದ ಬಿ12 ಅದರಲ್ಲಿದೆ. ಮುದ್ದೆಯ ಕ್ಯಾಲ್ಸಿಯಂ, ಆ ಸಾರಿನ ಕಬ್ಬಿಣ, ಇವೆರಡೂ ಸೇರಿದ ಊಟವನ್ನ ಯಾವ ಡಯಟಿಷಿಯನ್ ಬರೆದುಕೊಡದೆ ನಮ್ಮ ಅಜ್ಜಿಯರು ಕಂಡುಕೊಂಡಿದ್ರು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬಾಕಿ ಎಲ್ಲ ಅಪರಾಧ. 3ರಿಂದ 7 ವರ್ಷ ಜೈಲು. ಅವತ್ತಿಂದ ನಮ್ಮ ಕೇರಿಯ ಭಾನುವಾರ ಬದಲಾಯ್ತು. ಈ ಕಾಯ್ದೆ ಬಗ್ಗೆ ರೈತರ ಕಷ್ಟ, ವ್ಯಾಪಾರಿಗಳ ಕಷ್ಟ ಮಾತಾಡಿದ್ವಿ. ಬೆಳೆಯೋ ಮಕ್ಕಳ ರಕ್ತದ ಬಗ್ಗೆ ಯಾರೂ ಮಾತಾಡಲಿಲ್ಲ. ಕಾಯ್ದೆ ಇನ್ನೂ ಪುಸ್ತಕದಲ್ಲೇ ಇದೆ. ಸರ್ಕಾರ ಬದಲಾಯ್ತು, ಕಾಯ್ದೆ ಬದಲಾಗಲಿಲ್ಲ.

ರಕ್ತ ಅಂದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ 59 ಪರ್ಸೆಂಟ್ ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲಿ ಹತ್ತಿರಹತ್ತಿರ ಅರ್ಧ. ರಕ್ತ ಕಮ್ಮಿ ಅಂದ್ರೆ ಸ್ನಾಯುವಿಗೆ ಆಮ್ಲಜನಕ ಹೊರೋ ಗಾಡಿಗಳೇ ಕಮ್ಮಿ. ಆ ಹುಡುಗಿ ಕೊನೆ ಸುತ್ತಿನಲ್ಲಿ ಹಿಂದೆ ಬಿದ್ರೆ ಸ್ಟ್ಯಾಮಿನಾ ಇಲ್ಲ, ವಿಲ್ ಪವರ್ ಇಲ್ಲ ಅಂತಾರೆ. ಅವಳಿಗೆ ಮನಸ್ಸಿನ ಬಲ ಬೇಕಾದಷ್ಟಿದೆ ಸಾರ್. ಹಿಮೋಗ್ಲೋಬಿನ್ ಇಲ್ಲ.

ನನ್ನ ಅಕ್ಕನ ಮಗಳ ವಿಷಯ ಹೇಳ್ತೀನಿ, ಯಾವ ಹಾಸ್ಟೆಲ್, ಯಾವ ಕೋಚ್ ಅಂತ ಕೇಳಬೇಡಿ. 1500 ಮೀಟರ್ ಓಡ್ತಿದ್ಲು. 15ನೇ ವಯಸ್ಸಿಗೆ ಒಂದು ಕ್ರೀಡಾ ಹಾಸ್ಟೆಲ್‌ಗೆ ಸೆಲೆಕ್ಟ್ ಆದ್ಲು, ಕೇರಿಯಲ್ಲೆಲ್ಲ ಸಿಹಿ ಹಂಚಿದ್ವಿ. ಅಲ್ಲಿ ಮೆನು ಕಾಗದದಲ್ಲಿ ಚೆನ್ನಾಗಿತ್ತು. ತಟ್ಟೆಗೆ ಬರ್ತಿದ್ದದ್ದು ಅನ್ನ, ತಿಳಿ ಸಾಂಬಾರು, ವಾರಕ್ಕೊಂದು ದಿನ ಚಿಕನ್ ಸಾರಿನ ಎರಡು ಚೂರು. ಅಕ್ಕ ಒಂದ್ಸಲ ಉಪ್ಪುಕಂಡ ಮಾಡಿ ಡಬ್ಬಿಗೆ ಹಾಕಿ ಕೊಟ್ಟು ಬಂದಿದ್ಲು. ವಾರ್ಡನ್ ಎಲ್ಲರೆದುರು ಡಬ್ಬಿ ತೆಗೆಸಿ, ವಾಸನೆ ಅಂತ ಹೊರಗೆ ಚೆಲ್ಲಿಸಿದ್ರು. ಆಮೇಲೆ ಆ ಹುಡುಗಿ ಊಟದ ಸಾಲಿನಲ್ಲಿ ಕೊನೆಗೆ ನಿಲ್ಲೋದು ಕಲಿತ್ಲು. ಎರಡನೇ ಸಲ ಬಡಿಸಿ ಅಂತ ಕೇಳೋದು ಬಿಟ್ಲು. ಹಗುರ ಆದ್ರೆ ಚೆನ್ನಾಗಿ ಓಡ್ತೀಯ ಅಂತ ಕೋಚ್ ಬೇರೆ. ಐದು ತಿಂಗಳು ಮುಟ್ಟು ನಿಂತಿತ್ತು. ಹೇಳಿದ್ರೆ, ಒಳ್ಳೇದಾಯ್ತು ಬಿಡು, ಪ್ರಾಕ್ಟೀಸ್‌ಗೆ ತೊಂದರೆ ಇಲ್ಲ ಅಂದ್ರಂತೆ. ಆಮೇಲೆ ಮೊಣಕಾಲ ಕೆಳಗೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಬಿದ್ದಿಲ್ಲ, ಎದ್ದಿಲ್ಲ, ಮೂಳೆ ತಾನಾಗೇ ಬಿರುಕು ಬಿಟ್ಟಿತ್ತು. ಹಾಸ್ಟೆಲಿನವರು ಮನೆಗೆ ಕಳಿಸಿದ್ರು. ಸರ್ಕಾರಿ ಆಸ್ಪತ್ರೆಯ ಡಾಕ್ಟ್ರಮ್ಮ ಕಾಲು ನೋಡೋ ಮೊದಲು ಕೇಳಿದ್ದು: "ಏನು ತಿಂತಿದ್ದೆ ಮಗಳೇ?"

ಆ ಡಾಕ್ಟ್ರಮ್ಮ ಕೇಳಿದ್ದು ಸುಮ್ಮನೆ ಅಲ್ಲ. ತಿನ್ನೋದು ಕಮ್ಮಿ, ಸುಡೋದು ಜಾಸ್ತಿ ಆದಾಗ ದೇಹ ಮೊದಲು ಮುಟ್ಟು ನಿಲ್ಲಿಸುತ್ತೆ, ಆಮೇಲೆ ಮೂಳೆ ಕಟ್ಟೋದು ನಿಲ್ಲಿಸುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ಹೆಸರಿಟ್ಟು ಎಚ್ಚರಿಸಿದೆ. ಹುಡುಗರಿಗೂ ಆಗುತ್ತೆ ಅಂತಲೂ ಹೇಳಿದೆ. ಮೂಳೆ ಗಟ್ಟಿಯಾಗೋ ವಯಸ್ಸು ಇದೇ ಹದಿಹರೆಯ. ಈಗ ಕಟ್ಟದಿದ್ದನ್ನ 30ಕ್ಕೆ ಕಟ್ಟೋಕಾಗಲ್ಲ. ಮುಟ್ಟು ನಿಂತರೆ ಅದು ಅನುಕೂಲ ಅಲ್ಲ, ಅಪಾಯದ ಗಂಟೆ. ಮಕ್ಕಳಿರೋ ಎಲ್ಲ ತಾಯಂದಿರಿಗೆ ಈ ಒಂದು ಸಾಲು ಮುಟ್ಟಿಸಿ, ಬಾಕಿ ಬಿಟ್ರೂ ಪರವಾಗಿಲ್ಲ.

ಆಟದಲ್ಲಿ ಜಾತಿ ಇಲ್ಲ ಅನ್ನೋರಿಗೆ ಇತಿಹಾಸ ಹೇಳ್ತೀನಿ, ಕೇಳಿ. ಪಾಲ್ವಾಂಕರ್ ಬಾಲೂ, 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ದಲಿತ ಬೌಲರ್. ಪುಣೆಯ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಿತ್ತು. ಚೆಂಡು ಮುಟ್ಟಿದ್ರೆ ಮೈಲಿಗೆ ಇರಲಿಲ್ಲ. ಟೀ ಬ್ರೇಕ್ ಬಂದಾಗ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ ಟೀ. ಊಟಕ್ಕೆ ಬೇರೆ ತಟ್ಟೆ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಮನುಷ್ಯ ಅವನು. ಅವನ ಕೈ ಬೇಕು, ಅವನ ಬಾಯಿ ಬೇಡ!

ನೂರು ವರ್ಷ ದಾಟಿತು. 2021ರಲ್ಲಿ ಟೋಕಿಯೊದಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್ ಗೋಲು ಹೊಡೆದ್ಲು. ಸೆಮಿಫೈನಲ್ ಸೋತ ದಿನ ಹರಿದ್ವಾರದ ಅವಳ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದ್ರು. 2022ರಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕಬಡ್ಡಿ ಆಡೋಕೆ ಬಂದ ಹುಡುಗಿಯರಿಗೆ ಶೌಚಾಲಯದ ನೆಲದ ಮೇಲಿಟ್ಟ ಅನ್ನ ಬಡಿಸಿದ್ರು. ಹಾಕಿ ತಂಡದ ನಾಯಕಿಯಾಗಿದ್ದ ರಾಣಿ ರಾಂಪಾಲ್, ಗಾಡಿ ಎಳೆಯೋರ ಮಗಳು, ತಾನೇ ಹೇಳಿಕೊಂಡಿದ್ದಾಳೆ: ಅಕಾಡೆಮಿಗೆ ದಿನಾ 500 ಮಿಲಿ ಹಾಲು ತರಬೇಕು ಅಂತ ನಿಯಮ, ಮನೆಯಲ್ಲಿ ಸಿಕ್ತಿದ್ದದ್ದು 200 ಮಿಲಿ, ಮಿಕ್ಕಿದ್ದಕ್ಕೆ ನೀರು ಬೆರೆಸಿ ಕುಡೀತಿದ್ದೆ ಅಂತ. ಇದನ್ನ ಪೇಪರಿನವರು "ಸ್ಫೂರ್ತಿ ಕತೆ" ಅಂತ ಹಾಕ್ತಾರೆ. ಇದರಲ್ಲಿ ಸ್ಫೂರ್ತಿ ಏನ್ ಬಂತು ಮಣ್ಣು? ಒಬ್ಬಳು ರಾಣಿ ದಾಟಿ ಬಂದ್ಲು. ನೀರು ಬೆರೆಸಿದ ಹಾಲು ಕುಡಿದು ಅರ್ಧಕ್ಕೇ ನಿಂತ ಸಾವಿರ ಹುಡುಗಿಯರ ಹೆಸರು ಯಾವ ಪೇಪರಿನಲ್ಲಿದೆ?

ಈಗ ಕಾಮೆಂಟಿನಲ್ಲಿ ಬರೋ ಮಾತು ನನಗೆ ಗೊತ್ತು.

"ಸಸ್ಯಾಹಾರಿಗಳೂ ಪದಕ ಗೆದ್ದಿದ್ದಾರಲ್ಲ?" ಗೆದ್ದಿದ್ದಾರೆ, ಖಂಡಿತ. ಪನೀರು, ತುಪ್ಪ, ಬಾದಾಮಿ, ಲೀಟರ್‌ಗಟ್ಟಲೆ ಹಾಲು, ಪ್ರೋಟೀನ್ ಪೌಡರ್ ತಿಂದು ಗೆದ್ದಿದ್ದಾರೆ. ಅದು ಉಳ್ಳವರ ಸಸ್ಯಾಹಾರ. ನಮ್ಮ ಮಕ್ಕಳಿಗೆ ಸಿಗೋ ಸಸ್ಯಾಹಾರ ಅನ್ನ ಮತ್ತು ತಿಳಿ ಸಾಂಬಾರು. ಎರಡಕ್ಕೂ ಒಂದೇ ಹೆಸರಿಟ್ಟು ಮೋಸ ಮಾಡಬೇಡಿ.

"ಎಲ್ಲರಿಗೂ ಬಲವಂತವಾಗಿ ತಿನ್ನಿಸ್ತೀರಾ?" ಯಾರು ಹೇಳಿದ್ರು? ತಿನ್ನದವರಿಗೆ ಬಾಳೆಹಣ್ಣು ಕೊಟ್ಟು ಕೈ ತೊಳ್ಕೊಳ್ಳೋದನ್ನೂ ನಾನು ವಿರೋಧಿಸ್ತೀನಿ. ಬಾಳೆಹಣ್ಣಿನಲ್ಲಿ ಮೊಟ್ಟೆಯ ಪ್ರೋಟೀನ್ ಇಲ್ಲ. ಆ ಮಕ್ಕಳಿಗೆ ಕಡಲೆಕಾಯಿ, ಸೋಯಾ, ಮೊಳಕೆ ಕಾಳು, ಗಟ್ಟಿ ಮೊಸರು ಹೊಟ್ಟೆ ತುಂಬ ಕೊಡಿ. ಯಾರ ಮಗುವೂ ಹಸಿದು ಓಡಬಾರದು ಅನ್ನೋದು ನಮ್ಮ ಮಾತು. ಬೇರೆಯವರ ತಟ್ಟೆಗೆ ಕೈ ಹಾಕೋದು ನಮ್ಮ ಪರಂಪರೆ ಅಲ್ಲ.

"ಪ್ರೋಟೀನ್ ಡಬ್ಬಿ ತಗೊಳ್ಳಿ" ಅನ್ನೋ ಕೋಚುಗಳಿಗೆ: ಸಾವಿರಾರು ರೂಪಾಯಿ ಡಬ್ಬಿಗೆ ಕೂಲಿ ಮಾಡೋ ತಾಯಿ ಸಾಲ ಮಾಡಬೇಕಾ? ಅದೇ ದುಡ್ಡಿಗೆ ತಿಂಗಳಿಡೀ ದಿನಕ್ಕೆ ನಾಕು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬರುತ್ತೆ. ಡಬ್ಬಿಯಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಬರೀ ಬೈದು ಹೋಗಲ್ಲ. ನಮ್ಮ ಹಕ್ಕೊತ್ತಾಯ ಇವು:

1. ಬಿಸಿಯೂಟ, ಮೊಟ್ಟೆ, ಹಾಲು ಪಿಯುಸಿವರೆಗೆ ಬರಲಿ. ಸರ್ಕಾರದ ದುಡ್ಡಿನಲ್ಲೇ ಬರಲಿ.

2. ಶಾಲಾ ಕ್ರೀಡಾ ತಂಡದಲ್ಲಿರೋ ಮಕ್ಕಳಿಗೆ ಅಭ್ಯಾಸಕ್ಕೆ ಮುಂಚೆ ಬಾಳೆಹಣ್ಣು ಅಥವಾ ರಾಗಿ ಗಂಜಿ, ಮುಗಿದ ಮೇಲೆ ಎರಡು ಮೊಟ್ಟೆ ಅಥವಾ ಅದಕ್ಕೆ ಸಮನಾದ ಕಾಳು. ರಜೆಯ ಶಿಬಿರದಲ್ಲೂ.

3. ತಾಲೂಕು, ಜಿಲ್ಲಾ ಕ್ರೀಡಾಕೂಟದಲ್ಲಿ ಉದ್ಘಾಟನೆಗೆ ಮೊದಲು ಮಕ್ಕಳಿಗೆ ತಿಂಡಿ. ಎಂಎಲ್ಎ ಕಾಯಲಿ.

4. ಕ್ರೀಡಾ ಹಾಸ್ಟೆಲುಗಳಲ್ಲಿ ವಾರಕ್ಕೆ ಕನಿಷ್ಠ ಮೂರು ದಿನ ಮಾಂಸ ಅಥವಾ ಮೀನು. ಯಾರಿಗೆ ಎಷ್ಟು ಗ್ರಾಂ ಅಂತ ಗೋಡೆ ಮೇಲೆ ಬರೆದಿರಬೇಕು. ಅಡುಗೆಮನೆ ಸಮಿತಿಯಲ್ಲಿ ಮಕ್ಕಳು, ಅವರ ತಾಯಂದಿರು ಇರಬೇಕು. ಮನೆಯಿಂದ ತಂದ ಊಟ ಚೆಲ್ಲಿಸಿದ್ರೆ ಅದನ್ನ ಜಾತಿ ದೌರ್ಜನ್ಯ ಅಂತಲೇ ನೋಡಬೇಕು.

5. ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ. ಕಮ್ಮಿ ಇದ್ದ ಮಗುವನ್ನ ಮನೆಗೆ ಅಟ್ಟೋದಲ್ಲ, ಚಿಕಿತ್ಸೆ ಕೊಡೋದು. ಹುಡುಗಿಯರ ಜೊತೆ ಮುಟ್ಟಿನ ಬಗ್ಗೆ ಮಾತಾಡೋಕೆ ಮಹಿಳಾ ಕೋಚ್ ಅಥವಾ ನರ್ಸ್.

6. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡಿನಲ್ಲಿ ನಮ್ಮ ಮಕ್ಕಳ ಕ್ರೀಡಾ ಪೋಷಣೆಗೆ ಪ್ರತ್ಯೇಕ ಬಾಬತ್ತು. ಬೇರೆ ಯೋಜನೆಗೆ ತಿರುಗಿಸಿದ್ದು ಸಾಕು.

7. 2020ರ ಜಾನುವಾರು ಕಾಯ್ದೆ ರದ್ದಾಗಲಿ.

ಇನ್ನು ನಮ್ಮ ಕೈಯಲ್ಲಿರೋ ಕೆಲಸ. ನಿಮ್ಮ ತಾಲೂಕಿನಲ್ಲಿ ಕಳೆದ ವರ್ಷ ಕ್ರೀಡಾಕೂಟದ ಊಟಕ್ಕೆ ಎಷ್ಟು ಖರ್ಚಾಯ್ತು, ವೇದಿಕೆ ಶಾಮಿಯಾನಕ್ಕೆ ಎಷ್ಟು ಖರ್ಚಾಯ್ತು ಅಂತ ಒಂದು ಆರ್‌ಟಿಐ ಹಾಕಿ. 10 ರೂಪಾಯಿ ಕೆಲಸ. ಹಾಸ್ಟೆಲಿನ ಮೆನು ಬೋರ್ಡಿನ ಫೋಟೋ, ಆ ದಿನದ ತಟ್ಟೆಯ ಫೋಟೋ ಪಕ್ಕಪಕ್ಕ ಇಟ್ಟು ಹಾಕಿ. ಮಕ್ಕಳ ಮುಖ ಬೇಡ, ಹೆಸರು ಬೇಡ, ತಟ್ಟೆ ಸಾಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡೋ ನೀಲಿ ಕಬ್ಬಿಣದ ಮಾತ್ರೆ ಮಕ್ಕಳು ಬಿಸಾಡದಂಗೆ ನೋಡ್ಕೊಳ್ಳಿ. ಊಟ ಆದ ಕೂಡ್ಲೇ ಟೀ ಕೊಡಬೇಡಿ, ಸಾರಿಗೆ ನಿಂಬೆಹುಳಿ ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತೆ. ಅಂಬೇಡ್ಕರ್ ಜಯಂತಿಗೆ ಡಿಜೆಗೆ ಕೊಡೋ ದುಡ್ಡಲ್ಲಿ ಅರ್ಧ ಉಳಿಸಿದ್ರೆ ಕೇರಿಯ ಹತ್ತು ಮಕ್ಕಳಿಗೆ ಒಂದು ಸೀಸನ್ ಪೂರ್ತಿ ಮೊಟ್ಟೆ ಆಗುತ್ತೆ. ಕಹಿ ಆದ್ರೂ ಇದನ್ನ ನಮ್ಮವರಿಗೇ ಹೇಳಬೇಕು.

ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಕೆರೆಗೆ ಇಳಿದಿದ್ದು ಬಾಯಾರಿಕೆಗಲ್ಲ, ಮನುಷ್ಯರು ಅನ್ನೋದನ್ನ ಸಾಬೀತು ಮಾಡೋಕೆ. ನಮ್ಮ ಮಕ್ಕಳ ತಟ್ಟೆಯ ಜಗಳವೂ ಅಂಥದ್ದೇ. ನಮ್ಮ ಮಕ್ಕಳ ಕಾಲು ಬೇಕು, ತೋಳು ಬೇಕು, ಎದೆ ಮೇಲೆ ದೇಶದ ಹೆಸರು ಬೇಕು ಅನ್ನೋರು ಆ ಕಾಲು, ಆ ತೋಳು ಯಾವ ಊಟದಿಂದ ಆಗುತ್ತೋ ಆ ಊಟವನ್ನೂ ಒಪ್ಪಬೇಕು. ಒಪ್ಪಲ್ಲ ಅಂದ್ರೆ 2036ಕ್ಕೆ ನೀವೇ ಓಡಿ ಸ್ವಾಮಿ, ನಾವು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ತೀವಿ.

ಹಂಚಿಕೊಳ್ಳಿ. ಆರ್‌ಟಿಐ ಅರ್ಜಿ ಬರೆಯೋಕೆ ಗೊತ್ತಾಗದವರು ಇನ್‌ಬಾಕ್ಸ್‌ಗೆ ಬನ್ನಿ, ಬರೆದುಕೊಡ್ತೀನಿ.

ಜೈ ಭೀಮ್.